ಟೇಬಲ್ ಸಾ: ತೆಗೆದಿಟ್ಟದ್ದನ್ನೇ ಮತ್ತೆ ಹಾಕಿದೆ

ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಕಡಿದಾಗ ಮಿಲ್ಲಿನಲ್ಲಿ ಹಲಗೆ ಮಾಡಿಸಿ ತಂದು, ಹಳೇ ಕಾಫಿ ಗೋಡೌನಿನಲ್ಲಿ ಮೇಜು, ಕಪಾಟು ಮಾಡುತ್ತೇನೆ. ಮೂರು ವರ್ಷದ ಹಿಂದೆ 10 ಇಂಚಿನ ಬ್ಲೇಡಿನ ಟೇಬಲ್ ಸಾ ತಗೊಂಡೆ, ಅಂದರೆ ಮೇಜಿನ ಸಂದಿನಿಂದ ದುಂಡು ಬ್ಲೇಡ್ ಮೇಲೆ ಬಂದು ತಿರುಗುವ ಗರಗಸದ ಮಿಷನ್. ಮನೆಗೆ ತಂದ ದಿನವೇ ಮಾಡಿದ ಮೊದಲ ಕೆಲಸ: ಬ್ಲೇಡಿನ ಮೇಲಿನ ಗಾರ್ಡು, ಅದರ ಹಿಂದೆ ನಿಲ್ಲುವ ತೆಳು ತಗಡು ರೈವಿಂಗ್ ನೈಫ್ ಎರಡನ್ನೂ ಬಿಚ್ಚಿ ಡಬ್ಬಕ್ಕೆ ಹಾಕಿದ್ದು. ಗೆರೆ ಕಾಣಲ್ಲ, ಅಡ್ಡ ಬರುತ್ತೆ ಅಂತ.

ಆಮೇಲೆ ಶುರುವಾಯಿತು ಖರೀದಿ. ಡಿಜಿಟಲ್ ಆಂಗಲ್ ಗೇಜು ಬಂತು. ಹಲಗೆಯನ್ನು ಪಕ್ಕದಿಂದ ಒತ್ತಿ ಹಿಡಿಯುವ, ಮ್ಯಾಗ್ನೆಟ್ ಇರುವ ಫೆದರ್‌ಬೋರ್ಡ್ ಬಂತು. ನನ್ನ ಮಿಷನ್ನಿನ ಮೇಜು ಅಲ್ಯೂಮಿನಿಯಂ, ಅದಕ್ಕೆ ಮ್ಯಾಗ್ನೆಟ್ ಹಿಡಿಯುತ್ತಾ? ಪೊಟ್ಟಣ ಬಿಚ್ಚಿ ಮೇಜಿನ ಮೇಲೆ ಇಟ್ಟಾಗಲೇ ಬುದ್ಧಿ ಬಂದದ್ದು. ಈಗ ಅದು ಕಬ್ಬಿಣದ ಬೀರುವಿಗೆ ಅಂಟಿಕೊಂಡಿದೆ, ಕರೆಂಟ್ ಬಿಲ್ ಸಿಕ್ಕಿಸಲು.

ಒಂದು ದಿನ ಸರಿಯಾಗಿ ಒಣಗದ ಸಿಲ್ವರ್ ಓಕ್ ಹಲಗೆಯನ್ನು ಉದ್ದಕ್ಕೆ ಸೀಳುತ್ತಿದ್ದೆ. ಅರ್ಧ ದಾಟಿದ ಮೇಲೆ ಸೀಳಿದ ಬಿರುಕು ಹಿಂದಿನಿಂದ ಮುಚ್ಚಿಕೊಂಡು ಬಂತು. ಎರಡೂ ಕಡೆಯ ಮರ ಬ್ಲೇಡನ್ನು ಇಕ್ಕುಳದ ಹಾಗೆ ಹಿಡಿಯಿತು. ಬ್ಲೇಡಿನ ಹಿಂಭಾಗದ ಹಲ್ಲು ಮೇಲಕ್ಕೆ ಏಳುತ್ತದಲ್ವಾ, ಅದು ಹಲಗೆಯನ್ನು ಎತ್ತಿ ನನ್ನ ಕಡೆಗೇ ಎಸೆಯಿತು. ಸೊಂಟದ ಪಕ್ಕದಲ್ಲಿ ಹಾರಿ, ಹಿಂದಿದ್ದ ತಗಡಿನ ಬಾಗಿಲನ್ನು ಡೊಂಕು ಮಾಡಿತು. ಬ್ಲೇಡಿಗೆ ನೇರ ನಿಂತಿದ್ದರೆ ಹೊಟ್ಟೆಗೇ ಬೀಳುತ್ತಿತ್ತು. ಕಿಟಕಿ ಚೌಕಟ್ಟಿಗೆ ಬಂದಿದ್ದ ಆಚಾರಿ ಅದನ್ನು ನೋಡಿ, "ಬ್ರೇಕ್ ಕಿತ್ತಿಟ್ಟು ಘಾಟಿ ಇಳೀತಿದ್ದೀರಲ್ಲ ಸಾರ್" ಅಂದರು. ಅವತ್ತೇ ಡಬ್ಬ ಹುಡುಕಿ ನೈಫ್ ಹಾಕಿದೆ. ಆ ಬಿರುಕು ಮುಚ್ಚಿಕೊಳ್ಳದ ಹಾಗೆ ತಡೆಯುವುದೇ ಅದರ ಮುಖ್ಯ ಕೆಲಸ.

ಎರಡನೇ ತಪ್ಪು ಬ್ಲೇಡಿನದು. ಮರ ಕಮ್ಮಿ ಪುಡಿಯಾಗಲಿ ಅಂತ ತೆಳು ಬ್ಲೇಡ್ ತಂದೆ. ಹಲಗೆ ಬ್ಲೇಡ್ ದಾಟಿತು, ನೈಫಿನ ಮುಂದೆ ನಿಂತೇ ಬಿಟ್ಟಿತು. ಅಳೆದು ನೋಡಿದರೆ ನೈಫ್ 2.3 ಮಿ.ಮೀ. ದಪ್ಪ, ಹೊಸ ಬ್ಲೇಡ್ ಕೊರೆಯುವ ಸಂದು 2 ಮಿ.ಮೀ. ನೈಫ್ ಬ್ಲೇಡಿನ ತಟ್ಟೆಗಿಂತ ದಪ್ಪ ಇರಬೇಕು, ಹಲ್ಲು ಕೊರೆಯುವ ಸಂದಿಗಿಂತ ತೆಳು ಇರಬೇಕು. ಅದಕ್ಕೇ ಈಗ ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಕ್ಯಾಲಿಪರ್ ಇರುತ್ತದೆ. ಮಿಷನ್ ಜೊತೆ 40 ಹಲ್ಲಿನ ಬ್ಲೇಡ್ ಬಂದಿತ್ತು. ಉದ್ದಕ್ಕೆ ಸೀಳಲು 24 ಹಲ್ಲಿನದು ಬೇರೆ ತಂದೆ. ದಪ್ಪ ಹಲಗೆಯಲ್ಲೂ ಮೋಟಾರ್ ಮುಕ್ಕಿರಿಯುವುದು ನಿಂತಿತು, ಮರದ ಅಂಚು ಸುಟ್ಟು ಕಪ್ಪಾಗುವುದೂ ಕಮ್ಮಿಯಾಯಿತು. ದುಡ್ಡು ಕೊಟ್ಟು ತಂದದ್ದರಲ್ಲಿ ಇದಕ್ಕಿಂತ ಉಪಯೋಗದ್ದು ಇನ್ನೊಂದಿಲ್ಲ. ಪ್ಲೈವುಡ್ ಕೆಲಸ ಜಾಸ್ತಿ ಇರುವವರಿಗೆ 60 ಹಲ್ಲಿನದು ಬೇಕು, ನನಗೆ ಬೇಕಾಗಿಲ್ಲ.

ಉಳಿದದ್ದೆಲ್ಲ ಚೂರು ಪಾರು ಮರದಲ್ಲಿ ನಾನೇ ಮಾಡಿದ್ದು. ತಳ್ಳುಕೋಲು ಎರಡು. ಬ್ಲೇಡಿನ ಸುತ್ತ ಸಂದು ಇಲ್ಲದ ಹಾಗೆ ಪ್ಲೈವುಡ್ಡಿನ ತಟ್ಟೆ ಒಂದು. ಸಣ್ಣ ಪಟ್ಟಿ ಕೆಳಗೆ ಬಿದ್ದು ಸಿಕ್ಕಿಕೊಳ್ಳುವುದು ಅದರಿಂದ ತಪ್ಪಿತು.

ಅಡ್ಡ ಕೊಯ್ಯುವ ಸ್ಲೆಡ್, ಅಂದರೆ ಹಲಗೆ ಇಟ್ಟು ಬ್ಲೇಡಿನ ಕಡೆ ಜಾರಿಸುವ ಮಣೆ, ಮಾತ್ರ ಸತಾಯಿಸಿತು. ಮೇಜಿನ ಮೇಲಿನ ಗ್ರೂವ್‌ಗಳಲ್ಲಿ ಜಾರಲು ಹಲಸಿನ ಪಟ್ಟಿ ಹಾಕಿದ್ದೆ. ಫೆಬ್ರವರಿಯಲ್ಲಿ ಬೆಣ್ಣೆಯ ಹಾಗೆ ಓಡುತ್ತಿತ್ತು. ಜುಲೈ ಬಂತು, ನಮ್ಮ ಕಡೆ ಮಳೆ ಗೊತ್ತಲ್ಲ, ಬಟ್ಟೆ ಒಣಗಿಸಲು ಒಲೆ ಮೇಲೆ ಹಗ್ಗ ಕಟ್ಟುವ ಕಾಲ. ಪಟ್ಟಿ ಊದಿಕೊಂಡು ಸ್ಲೆಡ್ ಅಲುಗಲೇ ಇಲ್ಲ. ರಂದ ಹಾಕಿ ಕೆತ್ತಿದೆ. ಜನವರಿಗೆ ಪಟ್ಟಿ ಒಣಗಿ ಲೊಡಲೊಡ! ಕೊನೆಗೆ ಕುಶಾಲನಗರದಿಂದ 19 ಮಿ.ಮೀ. ಅಗಲದ ಅಲ್ಯೂಮಿನಿಯಂ ಪಟ್ಟಿ ತಂದು ಹಾಕಿದೆ. ಮಳೆಗೂ ಬಿಸಿಲಿಗೂ ಒಂದೇ ಅಳತೆ.

ಸ್ಲೆಡ್ ಸರಿಯಾಗಿ 90 ಡಿಗ್ರಿಗೆ ಕೊಯ್ಯುತ್ತಾ ಅಂತ ನೋಡಲು ಗೇಜು ಬೇಡ. ಅಕ್ಕಪಕ್ಕದ ಅಂಚು ಸಮ ಇರುವ ಅಗಲ ಹಲಗೆಯನ್ನು ಅಡ್ಡಕ್ಕೆ ಕೊಯ್ಯಿರಿ. ಒಂದು ತುಂಡನ್ನು ಮಗುಚಿ, ಕೊಯ್ದ ಅಂಚಿಗೆ ಅಂಚು ಸೇರಿಸಿ, ಎರಡನ್ನೂ ನೇರ ಪಟ್ಟಿಗೆ ಒತ್ತಿ ಹಿಡಿಯಿರಿ. ನಡುವೆ ಬೆಳಕು ಕಂಡರೆ ಇರುವ ತಪ್ಪಿನ ಎರಡರಷ್ಟು ಕಾಣುತ್ತದೆ.

ಮಳೆಗಾಲದ ಇನ್ನೊಂದು ಕಾಟ ತುಕ್ಕು. ಬ್ಲೇಡ್ ಏರಿಸುವ ಸ್ಕ್ರೂಗೆ ಗ್ರೀಸ್ ಹಚ್ಚಿದ್ದೆ, ಅದಕ್ಕೆ ಮರದ ಪುಡಿ ಅಂಟಿ ಹಿಟ್ಟು ಕಲಸಿದ ಹಾಗಾಯಿತು. ಸೀಮೆಎಣ್ಣೆಯಲ್ಲಿ ಒರೆಸಿ ತೆಗೆದು ಈಗ ಮೇಣ ಹಚ್ಚುತ್ತೇನೆ. ಸಿಲ್ವರ್ ಓಕ್ ಪುಡಿಗೆ ನನ್ನ ಮೊಣಕೈ ತನಕ ತುರಿಕೆ ಬರುತ್ತದೆ, ಕೆಲವರಿಗೆ ಆ ಮರವೇ ಆಗಲ್ಲ. ವ್ಯಾಕ್ಯೂಮ್ ಪೈಪ್ ಜೋಡಿಸಿ ತುಂಬು ತೋಳಿನ ಅಂಗಿ ಹಾಕಿದ ಮೇಲೆ ಪರವಾಗಿಲ್ಲ. ಮನೆಯಿಂದ ಗೋಡೌನಿಗೆ ಎಳೆದಿದ್ದ ಸಪೂರ ವೈರು ಬಿಸಿಯಾಗುತ್ತಿತ್ತು, 2.5 ಸ್ಕ್ವೇರ್ ಎಂ.ಎಂ. ವೈರು ಹಾಕಿಸಿದೆ. ಇದನ್ನು ಯಾರೂ ಅಪ್‌ಗ್ರೇಡ್ ಅನ್ನಲ್ಲ, ಆದರೆ ಮೋಟಾರಿನ ಸದ್ದೇ ಬದಲಾಯಿತು.

ದುಬಾರಿ ಫೆನ್ಸ್ (ಸೀಳುವಾಗ ಹಲಗೆ ಒರಗಿಸಿ ತಳ್ಳುವ ಪಕ್ಕದ ಪಟ್ಟಿ) ತಗೊಳ್ಳಬೇಕು ಅಂತ ಇನ್ನೂ ಆಸೆ ಇದೆ. ಸದ್ಯಕ್ಕೆ ಇದ್ದದ್ದನ್ನೇ ಪ್ರತಿ ಸಲ ಹಿಂದೆ ಮುಂದೆ ಅಳೆದು ಬಿಗಿ ಮಾಡುತ್ತೇನೆ. ಅದಕ್ಕಿಂತ ಮೊದಲು ಮಿಷನ್ನಿನ ಹಿಂದೆ ಹಲಗೆ ಇಳಿಯಲು ಒಂದು ಮೇಜು ಆಗಬೇಕು. ಈಗ ಎಂಟಡಿ ಹಲಗೆ ಸೀಳುವಾಗ ಆಚೆ ತುದಿ ಹಿಡಿಯಲು ಮಗನನ್ನು ಕರೆಯುತ್ತೇನೆ, ಅವನು ಫೋನ್ ನೋಡುತ್ತಾ ಹಿಡಿದು ಎಳೆಯುತ್ತಾನೆ.