ಮೂರು ದಿನ ವಾಪಸ್ ಕೊಡಬಾರದು: ನನ್ನ ಅನುಭವ

ದಿನಕ್ಕೊಂದು ಸಣ್ಣ ಸಹಾಯ ಯಾರನ್ನಾದರೂ ಕೇಳಿ, ರಾತ್ರಿ ಅದನ್ನು ಬರೆದಿಡುವ ಈ ನೋಟ್‌ಬುಕ್ ಶುರು ಮಾಡಿದಾಗ ನನ್ನ ತಂಗಿ ಕೇಳಿದ್ದು ಒಂದೇ ಮಾತು. "ಅಕ್ಕಾ, ಪಕ್ಕದ ಮನೆಯಲ್ಲಿ ಕರಿಬೇವು ಕೇಳಿದ್ರೆ ಮನಸ್ಸು ಸರಿಹೋಗುತ್ತಾ?" ನಮ್ಮ ಯಜಮಾನರೂ ನಂಬಲಿಲ್ಲ. ಎಂಟು ತಿಂಗಳಾಯಿತು. ಈಗ ತಂಗಿಯೇ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದಾಳೆ. ಹತ್ತು ಹನ್ನೊಂದು ವಯಸ್ಸಿಗೇ ಮನೆ ಜವಾಬ್ದಾರಿ ಹೊತ್ತವರಿಗೆ ನಾನು ಮೊದಲಿಂದ ಹೇಳಬೇಕಾಗಿಲ್ಲ. ಉಸಿರಾಟ, ಡೈರಿ, ಕೌನ್ಸೆಲಿಂಗ್ ಎಲ್ಲ ನೀವೂ ಮಾಡಿ ನೋಡಿರುತ್ತೀರಿ, ಅಲ್ವಾ?

ನಮ್ಮೂರು ಶಿಡ್ಲಘಟ್ಟದ ಹತ್ತಿರ. ಚಿಕ್ಕಬಳ್ಳಾಪುರ ಜಿಲ್ಲೆಯಾಗಿದ್ದು 2007ರಲ್ಲಿ, ನಾನು ಓದುವಾಗ ಅದಿನ್ನೂ ಕೋಲಾರ ಜಿಲ್ಲೆ. ರೇಷ್ಮೆ ಸಾಕೋ ಮನೆ ನಮ್ಮದು. ತಮ್ಮ ಹುಟ್ಟಿದ ಮೇಲೆ ಅಮ್ಮ ಮಂಕಾದಳು. ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದಳು. ಊರವರು ಗಾಳಿ ಸೋಕಿದೆ ಅಂದರು, ತಾಯತ ಕಟ್ಟಿಸಿದರು. ನಾನು ಐದನೇ ಕ್ಲಾಸು. ಬೆಳಗ್ಗೆ ಒಲೆ ಹಚ್ಚಿ, ತಮ್ಮನನ್ನು ಸೊಂಟದ ಮೇಲಿಟ್ಟುಕೊಂಡು ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಕೊಯ್ದು, ಆಮೇಲೆ ಸ್ಕೂಲು. ರೇಷ್ಮೆಗೂಡಿನ ಮಾರುಕಟ್ಟೆಗೆ ಅಪ್ಪನ ಜೊತೆ ಹೋಗಿ ದುಡ್ಡು ಎಣಿಸುತ್ತಿದ್ದವಳೂ ನಾನೇ. ಯಾರೂ ಹೊಡೆಯಲಿಲ್ಲ. ಹೊಟ್ಟೆಗೂ ಬಟ್ಟೆಗೂ ಇತ್ತು. ಆದರೆ "ನೀನು ಉಂಡೆಯಾ?" ಅಂತ ನನ್ನನ್ನು ಕೇಳಿದವರು ನೆನಪಿಲ್ಲ. ಬಂದವರ ಮುಂದೆ ಅಪ್ಪ "ಇವಳೇ ನಮ್ಮನೆ ಯಜಮಾನಿ" ಅನ್ನುತ್ತಿದ್ದ. ಆ ಒಂದು ಮಾತಿಗೋಸ್ಕರ ನಾನು ಇನ್ನೆರಡು ಮಂಕರಿ ಸೊಪ್ಪು ಜಾಸ್ತಿ ಕೊಯ್ಯುತ್ತಿದ್ದೆ.

ಅದು ಮೈಗೇ ಅಂಟಿಕೊಂಡಿತು. ಹುಳ ಹಸಿದಿದ್ದರೆ ತಲೆಯೆತ್ತಿ ಆಡಿಸುವುದನ್ನು ದೂರದಿಂದಲೇ ಗುರುತಿಸುತ್ತೇನೆ. ನನ್ನ ಹಸಿವು ಮಾತ್ರ ಕೈ ನಡುಗಿದ ಮೇಲೇ ಗೊತ್ತಾಗುತ್ತಿತ್ತು.

ಮೂರು ವರ್ಷದ ಹಿಂದೆ ಮಳೆಗಾಲದಲ್ಲಿ 150 ಮೊಟ್ಟೆ ಸಾಕಿದ್ದೆವು (ನಮ್ಮ ಲೆಕ್ಕದಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆ). ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಎದ್ದು ಹುಳು ಜೋರಾಗಿ ತಿನ್ನುವ ಸಮಯ. ಆಗ ನನಗೇ ಜ್ವರ. ಯಾರಿಗೂ ಹೇಳಲಿಲ್ಲ. ನೆನೆದ ಸೊಪ್ಪು ಆರಿಸುವ ತ್ರಾಣ ಇರಲಿಲ್ಲ, ಎರಡು ಹೊತ್ತು ಹಾಗೇ ಹಾಕಿದೆ. ಹುಳು ಸೊರಗಿ ಸಾಯುವ ಸಪ್ಪೆ ರೋಗ ಬಂತು. ನೂರು ಕೆಜಿ ಗೂಡು ಬರಬೇಕಾದ ಕಡೆ ನಲವತ್ತು ಬಂತು. ಇಪ್ಪತ್ತೈದು ಸಾವಿರದ ಮೇಲೆ ನಷ್ಟ. ಅದಕ್ಕಿಂತ ಹೆಚ್ಚು ಸುಟ್ಟಿದ್ದು ಬೇರೆ. ರಾತ್ರಿ ಹನ್ನೊಂದಕ್ಕೆ ಎದ್ದು ನೋಡಿದರೆ ನನ್ನ ಮಗಳು ಒಬ್ಬಳೇ ಕೂತು ಸೊಪ್ಪು ಬಿಡಿಸುತ್ತಿದ್ದಳು. ಆಗ ಅವಳಿಗೆ ಹನ್ನೊಂದು ವರ್ಷ. "ಪರವಾಗಿಲ್ಲಮ್ಮ, ನೀನು ಮಲಗು, ನಾನು ಮಾಡ್ತೀನಿ" ಅಂದಳು. ಅದು ನನ್ನದೇ ದನಿ.

ಆಮೇಲೆ ಬೆಂಗಳೂರಿಗೆ ಅಲೆದೆ. ಒಂದು ಕಡೆ ಕೌನ್ಸೆಲಿಂಗ್‌ಗೆ ಸಲಕ್ಕೆ 1,200 ರೂಪಾಯಿ, ಆರು ಸಲ. ಬಸ್ಸಿನ ಖರ್ಚು ಬೇರೆ. ಅಲ್ಲಿ ನಾನು ಮಾಡಿದ್ದೇನು ಗೊತ್ತಾ? ಕೌನ್ಸೆಲಿಂಗ್ ಮಾಡುವವರ ಮಕ್ಕಳ ಬಗ್ಗೆ ಕೇಳಿದೆ, ಅವರ ಸೊಂಟನೋವಿಗೆ ಕಷಾಯ ಹೇಳಿದೆ. ಅಲ್ಲೂ ನೋಡಿಕೊಳ್ಳುವವಳೇ ಆದೆ, ಅವರೂ ಗಮನಿಸಲಿಲ್ಲ. ಮೂರು ದಿನದ ಒಂದು ಶಿಬಿರಕ್ಕೆ ಒಂಬತ್ತು ಸಾವಿರ ಚಿಲ್ಲರೆ. ಅಲ್ಲಿ ಎರಡನೇ ದಿನಕ್ಕೇ ಅಡುಗೆಮನೆಯಲ್ಲಿದ್ದೆ.

ದಾರಿ ಸಿಕ್ಕಿದ್ದು ದುಡ್ಡಿಲ್ಲದ ಕಡೆ. 2022ರಲ್ಲಿ ಶುರುವಾದ ಟೆಲಿ ಮಾನಸ್ ಇದೆಯಲ್ಲ, ಮನಸ್ಸಿನ ಕಷ್ಟಕ್ಕೆ ಸರ್ಕಾರದ ಉಚಿತ ಸಹಾಯವಾಣಿ, 14416, ಅಲ್ಲಿಗೆ ಒಂದು ರಾತ್ರಿ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು. "ಕೊನೇ ಸಲ ಯಾರ ಹತ್ತಿರ, ಏನು ಕೇಳಿದ್ರಿ?" ಅಂದರು. ಎಷ್ಟು ಯೋಚಿಸಿದರೂ ಒಂದೂ ನೆನಪಾಗಲಿಲ್ಲ.

ಮಾರನೇ ದಿನದಿಂದ ದಿನಕ್ಕೊಂದು ಕೇಳಲು ಹೊರಟೆ. ನಾನೇ ಮಾಡಿಕೊಳ್ಳಬಹುದಾದ ಸಣ್ಣದನ್ನೇ ಕೇಳಬೇಕು. ಕಾರಣ ಹೇಳಬಾರದು. ರಾತ್ರಿ ಒಂದು ಸಾಲು ಬರೆಯಬೇಕು: ಏನು ಕೇಳಿದೆ, ಮೈಗೆ ಏನಾಯಿತು.

ಮೊದಲ ತಿಂಗಳು ಪೂರ್ತಿ ಹಾಳು. ಕೇಳುತ್ತಿದ್ದೆ, ನಿಜ. ಆದರೆ ಬೆಳಗ್ಗೆ ಕರಿಬೇವು ತಂದರೆ ಸಂಜೆಗೆ ಅವರ ಮನೆಗೆ ಒಂದು ಕೆಜಿ ಟೊಮೆಟೊ ಕಳಿಸುತ್ತಿದ್ದೆ. ನಮ್ಮ ಯಜಮಾನರು ಒಂದು ಲೋಟ ಟೀ ಕೊಟ್ಟರೆ ಇವರ ಬಟ್ಟೆಗೆಲ್ಲ ಇಸ್ತ್ರಿ. ತಿಂಗಳ ಕೊನೆಗೆ ನೋಟ್‌ಬುಕ್ ತಿರುವಿ ಹಾಕಿದಾಗ ಗೊತ್ತಾಯಿತು, ನಾನು ಒಂದನ್ನೂ ತಗೊಂಡಿರಲಿಲ್ಲ, ಎಲ್ಲ ತೀರಿಸಿಬಿಟ್ಟಿದ್ದೆ. ಅವತ್ತೇ ನಿಯಮ ಮಾಡಿದೆ. ಮೂರು ದಿನ ವಾಪಸ್ ಏನೂ ಕೊಡಬಾರದು.

ಆ ಮೂರು ದಿನಗಳೇ ನಿಜವಾದ ಔಷಧಿ. ಮೊದಮೊದಲು ಎದೆ ಬಿಗಿಯುತ್ತಿತ್ತು, ಪಕ್ಕದ ಮನೆಯವರನ್ನು ಕಂಡರೆ ಒಳಗೆ ಓಡುತ್ತಿದ್ದೆ. ಸುಮಾರು ಎರಡೂವರೆ ತಿಂಗಳಿಗೆ ಅದು ಸಡಿಲವಾಯಿತು. 240 ದಿನದಲ್ಲಿ ಒಂದು 190 ಸಲ ಕೇಳಿರಬಹುದು, ಮೂವತ್ತು ಸಲ ಇಲ್ಲ ಅಂದಿರಬಹುದು. ಇಲ್ಲ ಅಂದವರ್‍ಯಾರೂ ನನ್ನ ಬಿಟ್ಟುಹೋಗಲಿಲ್ಲ.

ಮಧ್ಯೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಬಣ್ಣದ ಪೆನ್ಸಿಲ್ ತಂದೆ, ಹಿಡಿಸಲಿಲ್ಲ. ಮಧ್ಯಾಹ್ನ ಸುಮ್ನೆ ಮಲಗಲು ನೋಡಿದೆ, ಆಗಲಿಲ್ಲ. ಸೈಕಲ್ ಮಾತ್ರ ಕೈ ಹಿಡಿಯಿತು. ಚಿಕ್ಕಂದಿನಲ್ಲಿ ಕಲಿಯಲು ಪುರುಸೊತ್ತೇ ಇರಲಿಲ್ಲ, ಮೂವತ್ತೊಂಬತ್ತಕ್ಕೆ ಮಗಳೇ ಹಿಂದೆ ಹಿಡಿದು ಕಲಿಸಿದಳು. ಈಗ ಕೆರೆ ಏರಿ ಮೇಲೆ ಒಂದೇ ಉಸಿರಿಗೆ ಹೋಗಿ ಬರುತ್ತೇನೆ, ನಮ್ಮ ಬೀದಿಯಲ್ಲಿ ನನ್ನಷ್ಟು ಚೆನ್ನಾಗಿ ತುಳಿಯುವ ಹೆಂಗಸು ಇಲ್ಲ.

ಆರನೇ ತಿಂಗಳಲ್ಲಿ ಅಮ್ಮನ ಹತ್ತಿರವೂ ಒಂದು ಕೇಳಿದೆ. ಏನು ಕೇಳಿದೆ, ಯಾವ ಹೊತ್ತು ನೋಡಿ ಕೇಳಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನದು. ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಏನಿದೆ ಅನ್ನುವುದನ್ನು ತಂಗಿಗೂ ಹೇಳಿಲ್ಲ. ಅಮ್ಮ ಕೊಟ್ಟಳು ಅಂತ ಮಾತ್ರ ಹೇಳಬಲ್ಲೆ.

ಹೋದ ತಿಂಗಳ ಬೆಳೆಯಲ್ಲಿ ರಾತ್ರಿ ಸೊಪ್ಪು ಹಾಕುವುದನ್ನು ಇವರಿಗೂ ಮೈದುನನಿಗೂ ಬಿಟ್ಟೆ. 105 ಕೆಜಿ ಬಂತು, ಈ ಎರಡು ವರ್ಷದಲ್ಲಿ ನಮಗೆ ಅಷ್ಟು ಬಂದಿರಲಿಲ್ಲ. ಒಂದು ರಾತ್ರಿ ಮಲಗಿಕೊಂಡೇ ಮಗಳನ್ನು ಒಂದು ಲೋಟ ನೀರು ಕೇಳಿದೆ. ಅವಳು ತಮ್ಮನ ಜೊತೆ ಚೌಕಾಬಾರ ಆಡುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಆಗಲ್ಲಮ್ಮ, ನನ್ನ ಕಾಯಿ ಹಣ್ಣಾಗೋದ್ರಲ್ಲಿದೆ." ನಾನೇ ಎದ್ದು ನೀರು ಕುಡಿದು ಬಂದು ಮಲಗಿದೆ. ಹುಳುಮನೆಯಿಂದ ಸೊಪ್ಪು ತಿನ್ನುವ ಸದ್ದು ಮಳೆ ಹಿಡಿದ ಹಾಗೆ ಕೇಳುತ್ತಿತ್ತು.