ಗಂಜಿ ಬಿಡುವುದು ಬೇಡ, ಗಂಜಿಯ ಪಕ್ಕ ಏನಿದೆ ನೋಡಿ

ಮಧ್ಯಾಹ್ನ ಊಟ ಆದ ಮೇಲೆ ಕಣ್ಣು ಎಳೆಯುತ್ತದೆ, ಸಂಜೆ ನಾಲ್ಕಕ್ಕೆ ಚಾ ಮತ್ತು ಬನ್ಸ್ ಇಲ್ಲದಿದ್ದರೆ ಕೈಕಾಲು ಓಡುವುದಿಲ್ಲ, ಹೊಟ್ಟೆ ಮಾತ್ರ ಮುಂದೆ ಬರುತ್ತಾ ಇದೆ, ತೋಳು ನೋಡಿದರೆ ಕಡ್ಡಿ. ನನ್ನ ಮಗ ಹೀಗೆ ಹೇಳಿದಾಗ ಅವನಿಗೆ 41 ವರ್ಷ. ಉಡುಪಿಯಿಂದ ಮಂಗಳೂರಿಗೆ ದಿನಾ ಬಸ್ಸಲ್ಲಿ ಹೋಗಿ ಬರುತ್ತಾನೆ, ಅಲ್ಲಿ ಇಡೀ ದಿನ ಕುರ್ಚಿ. ತೂಕ ನೋಡಿದರೆ ಮದುವೆಯ ಹೊತ್ತಿಗಿಂತ ಮೂರೇ ಕೆಜಿ ಜಾಸ್ತಿ. "ಅಮ್ಮ, ತೂಕ ಸರಿಯಾಗೇ ಇದೆ, ಮತ್ತೆ ಯಾಕೆ ಹೀಗೆ?" ಅಂತ ಕೇಳಿದ. ಈ ಪ್ರಶ್ನೆ ಈಗ ತುಂಬಾ ಮನೆಗಳಲ್ಲಿ ಇದೆ. ನಾನು 47 ವರ್ಷ ಅಡುಗೆಮನೆ ನಡೆಸಿದವಳು, ಸಕ್ಕರೆ ಕಾಯಿಲೆ ಇದ್ದ ಯಜಮಾನರಿಗೆ 20 ವರ್ಷ ಅಳೆದು ಬಡಿಸಿದವಳು. ಆ ಅನುಭವದಲ್ಲಿ ಕಲಿತದ್ದನ್ನು ಹೇಳುತ್ತೇನೆ.

ಮೊದಲು ತೂಕದ ವಿಷಯ. ಮಿಷನ್ ಮೇಲೆ ನಿಂತರೆ ಒಂದು ನಂಬರ್ ಬರುತ್ತದೆ, ಅಷ್ಟೇ. ಅದರಲ್ಲಿ ಕೊಬ್ಬು ಎಷ್ಟು, ಮಾಂಸಖಂಡ ಎಷ್ಟು, ನೀರು ಎಷ್ಟು ಅಂತ ಅದು ಹೇಳುವುದಿಲ್ಲ. ಮೂವತ್ತು ನಲವತ್ತು ದಾಟಿದ ಮೇಲೆ ಮೈ ಬಗ್ಗಿಸಿ ಕೆಲಸ ಮಾಡದಿದ್ದರೆ ಮಾಂಸಖಂಡ ಸ್ವಲ್ಪ ಸ್ವಲ್ಪವೇ ಕರಗುತ್ತದೆ, ಇನ್ನೊಂದು ಕಡೆ ಕೊಬ್ಬು ಸೇರುತ್ತಾ ಹೋಗುತ್ತದೆ. ತೂಕ ಅಷ್ಟೇ ಇರುತ್ತದೆ, ಮೈ ಬದಲಾಗಿರುತ್ತದೆ. ಸುಸ್ತಿಗೂ ಇದಕ್ಕೂ ಸಂಬಂಧ ಇದೆ. ತಿಂದ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದಲ್ವಾ, ಅದನ್ನು ಎಳೆದು ಇಟ್ಟುಕೊಳ್ಳುವ ದೊಡ್ಡ ಉಗ್ರಾಣ ಅಂದರೆ ಮಾಂಸಖಂಡ. ಉಗ್ರಾಣ ಚಿಕ್ಕದಾದರೆ ಮಿಕ್ಕಿದ್ದು ಹೊಟ್ಟೆಯ ಸುತ್ತ ಕೊಬ್ಬಾಗಿ ಕೂರುತ್ತದೆ.

ಹಾಗಾಗಿ ಮನೆಯಲ್ಲಿ ಒಂದು ಟೈಲರ್ ಟೇಪು ಇಟ್ಟುಕೊಳ್ಳಿ. ಬೆಳಿಗ್ಗೆ ಏನೂ ತಿನ್ನುವ ಮೊದಲು, ಹೊಟ್ಟೆ ಒಳಗೆ ಎಳೆಯದೆ, ಉಸಿರು ಬಿಟ್ಟು ಸೊಂಟ ಅಳೆಯಿರಿ. ನಮ್ಮ ದೇಶದ ಮೈಕಟ್ಟಿಗೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರ ಬೇಕು ಅಂತ ಡಾಕ್ಟರುಗಳು ಹೇಳುತ್ತಾರೆ. ನಾನು ಟೇಪು ಕಾಣುವ ಮೊದಲೇ ಸೀರೆಯ ಒಳಲಂಗದ ಲಾಡಿ ನೋಡಿ ತಿಳಿದುಕೊಳ್ಳುತ್ತಿದ್ದೆ. ಕಟ್ಟಿದ ಮೇಲೆ ಉಳಿಯುವ ಲಾಡಿ ಗಿಡ್ಡ ಆಯಿತಾ, ಆ ತಿಂಗಳು ಕರಿದದ್ದು ಜಾಸ್ತಿ ಆಗಿದೆ ಅಂತ ಲೆಕ್ಕ.

ಇನ್ನು ಗಂಜಿ. ಗಂಜಿಯಿಂದ ಹೊಟ್ಟೆ ಬರುತ್ತದೆ ಅಂತ ಈಗ ಮಕ್ಕಳು ಗಂಜಿಯನ್ನೇ ಬಿಡುತ್ತಾರೆ. ನನಗೆ ಇದು ನಿಜಕ್ಕೂ ಬೇಸರದ ವಿಷಯ. ನಮ್ಮ ಅತ್ತೆ ಬೆಳಿಗ್ಗೆ ದೊಡ್ಡ ಬಟ್ಟಲು ಕುಚ್ಚಲಕ್ಕಿ ಗಂಜಿ ಉಂಡು ಗದ್ದೆಗೆ ಇಳಿದರೆ ಮಧ್ಯಾಹ್ನದವರೆಗೆ ಬಗ್ಗಿ ನೇಜಿ, ಅಂದರೆ ಭತ್ತದ ಸಸಿ, ನೆಡುತ್ತಿದ್ದರು. ಬಂದು ಬಾವಿಯಿಂದ ಇಪ್ಪತ್ತು ಕೊಡಪಾನ ನೀರು ಸೇದುತ್ತಿದ್ದರು, ಕಲ್ಲಲ್ಲಿ ಮಸಾಲೆ ಅರೆಯುತ್ತಿದ್ದರು. ಬಟ್ಟಲು ಅದೇ ಉಳಿಯಿತು, ನೇಜಿ ಹೋಯಿತು, ಪಂಪು ಬಂತು, ಮಿಕ್ಸಿ ಬಂತು. ಇನ್ನೊಂದು ಮುಖ್ಯ ವಿಷಯ ಜನ ಮರೆಯುತ್ತಾರೆ. ಅವರ ಗಂಜಿಯ ಪಕ್ಕ ಬರೀ ಉಪ್ಪಿನಕಾಯಿ ಇರಲಿಲ್ಲ. ಹುರುಳಿ ಚಟ್ನಿ ಇತ್ತು, ಬೇಯಿಸಿದ ಹೆಸರು ಇತ್ತು, ಸುಟ್ಟ ಒಣಮೀನು ಇತ್ತು. ನಾವು ಪಕ್ಕದ್ದನ್ನು ಬಿಟ್ಟು ಗಂಜಿ ಮತ್ತು ಉಪ್ಪಿನಕಾಯಿ ಉಳಿಸಿಕೊಂಡೆವು.

ಕುಚ್ಚಲಕ್ಕಿ ಒಳ್ಳೆಯ ಅಕ್ಕಿ. ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನಲ್ಲಿರುವ ಬಿ ವಿಟಮಿನ್ ಅಕ್ಕಿಯ ಒಳಗೆ ಇಳಿಯುತ್ತದೆ. ಅದರಲ್ಲೂ ಕೆಂಪು ಕುಚ್ಚಲಕ್ಕಿ, ಭತ್ತ ಬೇಯಿಸದೆ ಮಾಡಿದ ಬೆಳ್ತಿಗೆ ಅಕ್ಕಿಯ ಅನ್ನದಷ್ಟು ಬೇಗ ಜೀರ್ಣವಾಗುವುದಿಲ್ಲ, ಹೊಟ್ಟೆಯಲ್ಲಿ ನಿಲ್ಲುತ್ತದೆ. ಆದರೆ ಕುಚ್ಚಲಕ್ಕಿ ಅಂತ ಮೂರು ಸಲ ಹಾಕಿಸಿಕೊಂಡರೆ ಅದೂ ಅನ್ನವೇ ಅಲ್ವಾ. ನಮ್ಮ ಮನೆಯಲ್ಲಿ ನಾನು ಮಾಡಿದ್ದು ಇಷ್ಟೇ. ಬಡಿಸುವ ಕ್ರಮ ತಿರುಗಿಸಿದೆ. ಮೊದಲು ತಟ್ಟೆಯ ಅರ್ಧಕ್ಕೆ ಪಲ್ಯ, ಹರಿವೆಯೋ ತೊಂಡೆಕಾಯಿಯೋ ಬಸಳೆಯೋ ಆ ದಿನ ಏನಿದೆಯೋ ಅದು. ಆಮೇಲೆ ಕಾಲು ಭಾಗಕ್ಕೆ ಗಸಿ, ಅಂದರೆ ಕಾಯಿ ಅರೆದು ಹಾಕಿದ ಕಾಳಿನ ಗಟ್ಟಿ ಸಾರು, ಅಥವಾ ಮೀನು. ಉಳಿದ ಜಾಗಕ್ಕೆ ಅನ್ನ. ತಿನ್ನುವಾಗಲೂ ನಾಲ್ಕು ತುತ್ತು ಪಲ್ಯ, ಗಸಿ ಮೊದಲು ತಿಂದು ಆಮೇಲೆ ಅನ್ನಕ್ಕೆ ಕೈ ಹಾಕಬೇಕು. ಹೀಗೆ ತಿಂದರೆ ರಕ್ತದಲ್ಲಿ ಸಕ್ಕರೆ ಒಮ್ಮೆಲೇ ಏರುವುದಿಲ್ಲ. ಯಜಮಾನರಿಗೆ ಮನೆಯ ಮಿಷನ್ನಲ್ಲಿ ಊಟವಾಗಿ ಎರಡು ಗಂಟೆಗೆ ಚೆಕ್ ಮಾಡಿ ಮಾಡಿ ನಾನು ಕಣ್ಣಾರೆ ನೋಡಿದ್ದೇನೆ. ಸಕ್ಕರೆ ಸರ್ರನೆ ಏರಿದ ದಿನ ಅವರಿಗೆ ಕಣ್ಣು ಎಳೆಯುತ್ತಿತ್ತು, ಸ್ವಲ್ಪ ಹೊತ್ತಿಗೆ ಮತ್ತೆ ಹಸಿವು. ಮಗನ ನಾಲ್ಕು ಗಂಟೆಯ ಬನ್ಸಿನ ಕತೆಯೂ ಇದೇ ಅಂತ ನನಗೆ ಅನಿಸಿತು. ಅವನ ಮಧ್ಯಾಹ್ನದ ಡಬ್ಬಿಯಲ್ಲಿ ಅನ್ನ ಮುಕ್ಕಾಲು, ತಿಳಿ ಸಾರು, ಒಂದು ಹಪ್ಪಳ.

ಪ್ರೊಟೀನ್ ಅಂದ ಕೂಡಲೇ ಡಬ್ಬಿಯ ಪುಡಿ ನೆನಪಾಗುತ್ತದೆ ಈಗಿನವರಿಗೆ. ಅದೆಲ್ಲ ಸಾಮಾನ್ಯ ಮನೆಗೆ ಬೇಕಾಗಿಲ್ಲ. ಒಂದು ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕ, ಅಂದರೆ 60 ಕೆಜಿ ಇರುವವರಿಗೆ ಸುಮಾರು 50 ಗ್ರಾಂ. ಇದನ್ನು ನಮ್ಮ ಅಡುಗೆಮನೆಯಲ್ಲೇ ಕೂಡಿಸಿ ನೋಡಿ. ಎರಡು ಮೊಟ್ಟೆಯಲ್ಲಿ 12 ಗ್ರಾಂ. ಬೂತಾಯಿ ಅಥವಾ ಬಂಗುಡೆ ಮೀನು ಮುಳ್ಳು ಬಿಟ್ಟು 100 ಗ್ರಾಂ ತಿಂದರೆ ಸುಮಾರು 20. ಒಂದು ಹಿಡಿ, ಅಂದರೆ 30 ಗ್ರಾಂ ಹುರುಳಿ ಅಥವಾ ಹೆಸರು ಬೇಯಿಸಿದರೆ 7. ಒಂದು ಲೋಟ ಹಾಲು ಅಥವಾ ಮೊಸರು 6. ಇಡೀ ದಿನದ ಅನ್ನದಿಂದಲೂ ಹತ್ತು ಹನ್ನೆರಡು ಬರುತ್ತದೆ. ಆಯಿತಲ್ಲ. ಮೀನು ಮೊಟ್ಟೆ ತಿನ್ನದ ಮನೆಯವರು ಎರಡು ಹೊತ್ತೂ ಕಾಳು ಇಡಬೇಕು, ಒಂದು ಹೊತ್ತು ಅಲಸಂಡೆ ಸುಕ್ಕವೋ (ಕಾಯಿ ಮಸಾಲೆಯ ಒಣ ಪಲ್ಯ) ಕಡ್ಲೆ ಗಸಿಯೋ, ಇನ್ನೊಂದು ಹೊತ್ತು ತೊವ್ವೆ, ಜೊತೆಗೆ ಮೊಸರು, ಸಂಜೆ ಒಂದು ಹಿಡಿ ಬೇಯಿಸಿದ ನೆಲಗಡಲೆ. ಅನ್ನ ಮತ್ತು ಕಾಳು ಒಂದಕ್ಕೊಂದು ಕೂಡಿದರೆ ಒಂದರಲ್ಲಿ ಕಡಿಮೆ ಇದ್ದದ್ದು ಇನ್ನೊಂದರಿಂದ ಸಿಗುತ್ತದೆ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಪ್ರೊಟೀನ್ ಜಾಸ್ತಿ ಮಾಡಬಾರದು.

ಬೂತಾಯಿ ಬಗ್ಗೆ ಇನ್ನೊಂದು ಮಾತು. ಅಂಜಲ್, ಪಾಂಪ್ಲೆಟ್ ಇದ್ದರೆ ಮಾತ್ರ ಒಳ್ಳೆಯ ಊಟ ಅಂತ ಅನೇಕರ ಮನಸ್ಸಿನಲ್ಲಿದೆ. ಮಲ್ಪೆ ಬಂದರಿನಿಂದ ಬರುವ ಬೂತಾಯಿ ಅಗ್ಗದ ಮೀನು, ಆದರೆ ಒಳ್ಳೆಯ ಕೊಬ್ಬು, ಬಿ12, ಡಿ ವಿಟಮಿನ್ ಎಲ್ಲ ಅದರಲ್ಲಿ ಚೆನ್ನಾಗಿದೆ. ಮಣ್ಣಿನ ಪಾತ್ರೆಯಲ್ಲಿ ಪುಳಿಮುಂಚಿ, ಅಂದರೆ ಹುಳಿ ಖಾರದ ಸಾರು, ಮಾಡಿದರೆ ಎಣ್ಣೆಯೂ ಬೇಡ. ತವಾ ಫ್ರೈ ವಾರಕ್ಕೊಮ್ಮೆ ಸಾಕು.

ಎಣ್ಣೆ ಮತ್ತು ಕಾಯಿ ಎರಡನ್ನೂ ಅಳತೆ ಮಾಡಿ ಬಳಸಿ. ಅನ್ನದ ಪಿಷ್ಟ, ಕಾಳಿನ ಪ್ರೊಟೀನ್ ಒಂದು ಗ್ರಾಮಿಗೆ ಸುಮಾರು 4 ಕ್ಯಾಲೊರಿ ಕೊಟ್ಟರೆ ಎಣ್ಣೆ 9 ಕೊಡುತ್ತದೆ. ಊಟದ ದೊಡ್ಡ ಚಮಚ ಒಂದು ಎಣ್ಣೆ ಅಂದರೆ 120 ಕ್ಯಾಲೊರಿ ಹತ್ತಿರ. ಬಾಟಲಿ ಬಗ್ಗಿಸಿ ಹೊಯ್ಯುವ ಅಭ್ಯಾಸ ಬಿಡಿ, ಚಮಚದಲ್ಲಿ ಹಾಕಿ. ಐದು ಜನರ ಗಸಿಗೆ ನಾನು ಮೊದಲು ಒಂದು ಇಡೀ ಕಾಯಿ ಹಾಕುತ್ತಿದ್ದೆ. ಈಗ ಅರ್ಧ ಕಾಯಿ. ದಪ್ಪ ಬರಬೇಕಲ್ಲ, ಅದಕ್ಕೆ ಬೇಯಿಸಿದ ಕಾಳಲ್ಲೇ ಒಂದು ಸೌಟು ತೆಗೆದು ಮಸಾಲೆಯ ಜೊತೆ ರುಬ್ಬುತ್ತೇನೆ. ಗಸಿ ಗಟ್ಟಿಯಾಗುತ್ತದೆ, ರುಚಿ ಕೆಡುವುದಿಲ್ಲ, ಮನೆಯಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ. ನೀರುದೋಸೆ ಬರೀ ಅಕ್ಕಿ. ಕಾಯಿ ಬೆಲ್ಲದ ಜೊತೆ ಆರು ತಿಂದರೆ ಹತ್ತು ಗಂಟೆಗೆ ಮತ್ತೆ ಹಸಿವಾಗುತ್ತದೆ, ಅದೇ ಮೂರು ದೋಸೆಗೆ ಮೊಟ್ಟೆ ಗಸಿಯೋ ಕಡ್ಲೆ ಗಸಿಯೋ ಹಾಕಿಕೊಂಡರೆ ಮಧ್ಯಾಹ್ನದವರೆಗೆ ನಡೆಯುತ್ತದೆ. ಉದ್ದು ಹಾಕಿದ ಇಡ್ಲಿ, ದೋಸೆ ಈ ಲೆಕ್ಕದಲ್ಲಿ ಸ್ವಲ್ಪ ಮೇಲು.

ಚಾ ಸಕ್ಕರೆ ಯಾರೂ ಎಣಿಸುವುದಿಲ್ಲ. ದಿನಕ್ಕೆ ಐದು ಚಾ, ಒಂದೊಂದಕ್ಕೆ ಎರಡು ಚಮಚ, ಒಟ್ಟು ಹತ್ತು ಚಮಚ. ಸುಮಾರು 50 ಗ್ರಾಂ ಸಕ್ಕರೆ. 25 ಗ್ರಾಮಿನ ಒಳಗೆ ಇದ್ದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರಕ್ಕೆ ಕಾಲು ಚಮಚದಂತೆ ಇಳಿಸಿದರೆ ನಾಲಿಗೆಗೆ ತಿಳಿಯುವುದೇ ಇಲ್ಲ. ಬಾಟಲಿಯ ಪುನರ್ಪುಳಿ (ಕೋಕಂ) ಶರಬತ್ತೂ ಸಕ್ಕರೆಯೇ, ಹಣ್ಣಿನದ್ದು ಅಂತ ಮೋಸ ಹೋಗಬೇಡಿ. ಒಣಗಿಸಿದ ಸಿಪ್ಪೆ ನೆನೆಸಿ ಉಪ್ಪು ಜೀರಿಗೆ ಹಾಕಿ ಸಾರಿನ ಹಾಗೆ ಕುಡಿಯಿರಿ.

ಚಾ ಬಗ್ಗೆ ನನ್ನದೇ ಒಂದು ಅನುಭವ ಇದೆ. ಐವತ್ತರ ಹತ್ತಿರ ಒಂದು ವರ್ಷ ನನಗೆ ವಿಪರೀತ ಸುಸ್ತು. ಮೂರು ಮೆಟ್ಟಿಲು ಹತ್ತಿದರೆ ಏದುಸಿರು. ವಯಸ್ಸಾಯಿತು ಅಂದರು ಎಲ್ಲರೂ, ತೋರಿಸಿದ ಮೊದಲ ಕಡೆ ಟಾನಿಕ್ ಬಾಟಲಿ ಕೊಟ್ಟು ಕಳಿಸಿದರು, ರಕ್ತ ನೋಡಲೇ ಇಲ್ಲ. ಕೊನೆಗೆ ಬೇರೆ ಕಡೆ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 9. ಹೆಂಗಸರಿಗೆ 12 ಆದರೂ ಇರಬೇಕು. ಕಬ್ಬಿಣದ ಮಾತ್ರೆ ಕೊಟ್ಟರು, ಜೊತೆಗೆ ಆ ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ, ಊಟದ ಜೊತೆಗೇ ಚಾ ಕುಡಿಯುತ್ತೀರಾ ಅಂತ. ಹೌದು, ದೋಸೆಗೂ ಚಾ, ಊಟ ಮುಗಿದ ಕೂಡಲೇ ಚಾ. ಸೊಪ್ಪು ಕಾಳಿನಲ್ಲಿರುವ ಕಬ್ಬಿಣ ಮೈಗೆ ಸೇರದ ಹಾಗೆ ಚಾ ತಡೆಯುತ್ತದೆ, ಹುಳಿ ಹಣ್ಣು ಸೇರಿಸುತ್ತದೆ. ಅಂದಿನಿಂದ ಊಟಕ್ಕೂ ಚಾಕ್ಕೂ ಒಂದು ಗಂಟೆ ಅಂತರ, ಹರಿವೆ ಪಲ್ಯಕ್ಕೆ ಇಳಿಸಿದ ಮೇಲೆ ಲಿಂಬೆ ಹಿಂಡುವುದು. ಅದಕ್ಕೇ ಹೇಳುತ್ತೇನೆ, ಊಟ ಸರಿ ಮಾಡಿಯೂ ತಿಂಗಳುಗಟ್ಟಲೆ ಸುಸ್ತು ಹೋಗದಿದ್ದರೆ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿ12 ನೋಡಿಸಿ. ಮೀನು ಮೊಟ್ಟೆ ತಿನ್ನದವರಿಗೆ ಬಿ12 ಕಡಿಮೆ ಇರುವುದು ತುಂಬಾ ಸಾಮಾನ್ಯ.

ಸೊಸೆಯ ಕತೆ ಹೇಳಿದರೆ ಅವಳು ಬೇಡ ಅನ್ನುವುದಿಲ್ಲ, ಕೇಳಿಯೇ ಬರೆಯುತ್ತಿದ್ದೇನೆ. ಮೂರು ವರ್ಷದ ಹಿಂದೆ ಫೋನಿನಲ್ಲಿ ಯಾರೋ ದುಡ್ಡು ತೆಗೆದುಕೊಂಡು ಕಳಿಸಿದ ಪಟ್ಟಿ ಹಿಡಿದು ಅನ್ನ ಬಿಟ್ಟಳು, ದೋಸೆ ಬಿಟ್ಟಳು, ಬೆಳಿಗ್ಗೆ ಜ್ಯೂಸು, ರಾತ್ರಿ ಎರಡು ಸೌತೆಕಾಯಿ. ಎರಡು ತಿಂಗಳಲ್ಲಿ 7 ಕೆಜಿ ಇಳಿಯಿತು. ಎಲ್ಲರೂ ಹೊಗಳಿದರು. ನಾನು ನೋಡುತ್ತಿದ್ದದ್ದು ಬೇರೆ. ಬಾಚಣಿಗೆ ತುಂಬಾ ಕೂದಲು, ಒಂದು ಕೊಡಪಾನ ಎತ್ತಲು ಕೈ ನಡುಗುವುದು, ಸಣ್ಣದಕ್ಕೆಲ್ಲ ಸಿಟ್ಟು. ಹಾಗೆ ಉಪವಾಸ ಬಿದ್ದಾಗ ಮೈ ಕೊಬ್ಬಿನ ಜೊತೆ ಮಾಂಸಖಂಡವನ್ನೂ ಕರಗಿಸುತ್ತದೆ. ವರ್ಷದೊಳಗೆ ತೂಕ ವಾಪಸ್ ಬಂತು, ಸೀರೆ ರವಿಕೆ ಮಾತ್ರ ಮೊದಲಿಗಿಂತ ಬಿಗಿ. ಈಗ ಅವಳು ಅನ್ನ ತಿನ್ನುತ್ತಾಳೆ, ಒಂದು ಸೌಟು. ವಾರಕ್ಕೆ ಅರ್ಧ ಕೆಜಿ ಇಳಿದರೆ ಅದೇ ಜಾಸ್ತಿ. ಏಕಾದಶಿಗೆ ಅನ್ನ ಬಿಟ್ಟು ಸಜ್ಜಿಗೆ, ಸಿಹಿ ಅವಲಕ್ಕಿ, ಸಾಬಕ್ಕಿ ಪಾಯಸ ತಿಂದರೆ ಊಟಕ್ಕಿಂತ ಭಾರ ಆಗುತ್ತದೆ, ಹೆಸರುಕಾಳು ಮಜ್ಜಿಗೆಯಲ್ಲಿ ಕಳೆಯಿರಿ. ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿಯೇ ಉಪವಾಸ ಮಾಡಬೇಕು.

ತಿಂದ ಪ್ರೊಟೀನ್ ಮಾಂಸಖಂಡಕ್ಕೆ ಸೇರಬೇಕಾದರೆ ಮೈಗೆ ಭಾರದ ಕೆಲಸ ಕೊಡಬೇಕು. ನಡೆದರೆ ಒಳ್ಳೆಯದೇ, ಊಟವಾಗಿ ಹದಿನೈದು ನಿಮಿಷ ಅಂಗಳದಲ್ಲಿ ನಡೆದರೂ ಸಕ್ಕರೆ ಇಳಿಯುತ್ತದೆ. ಆದರೆ ನಡಿಗೆ ಒಂದೇ ಸಾಲದು. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂತುಕೊಳ್ಳಿ, ದಿನಕ್ಕೆ ಮೂರು ಸರ್ತಿ. ಗೋಡೆಗೆ ಕೈ ಕೊಟ್ಟು ದೂಡಿ. ಬಾವಿ ಇದ್ದವರು ಪಂಪು ಹಾಕುವ ಮೊದಲು ಐದು ಕೊಡಪಾನ ಸೇದಿ. ನಾನು 69ರಲ್ಲೂ ಮಾಡುತ್ತೇನೆ, ಬೆನ್ನು ನೋವು ಇದ್ದ ದಿನ ಬಿಡುತ್ತೇನೆ.

ಮಗನ ಡಬ್ಬಿ ಈಗ ಎರಡು ಅಂತಸ್ತು. ಮೇಲಿನದರಲ್ಲಿ ಪಲ್ಯ ಮತ್ತು ಗಸಿ, ಕೆಳಗೆ ಅನ್ನ, ಮೊದಲಿನ ಅರ್ಧ. ನಾಲ್ಕು ಗಂಟೆಗೆ ಎರಡು ಬೇಯಿಸಿದ ಮೊಟ್ಟೆ ಅಥವಾ ಒಂದು ಹಿಡಿ ನೆಲಗಡಲೆ, ಬನ್ಸು ಗೋಳಿಬಜೆ ಶನಿವಾರಕ್ಕೆ. ನಾಲ್ಕು ತಿಂಗಳಲ್ಲಿ ತೂಕ ಒಂದೇ ಕೆಜಿ ಇಳಿದದ್ದು, ಬೆಲ್ಟು ಮಾತ್ರ ಎರಡು ತೂತು ಒಳಗೆ ಹೋಗಿದೆ. ಬಸ್ಸಿನಲ್ಲಿ ನಿದ್ದೆ ಬರುವುದಿಲ್ಲವಂತೆ.

ಮಳೆಗಾಲಕ್ಕೆ ಬೇರೆ ಏರ್ಪಾಡು ಬೇಕು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಮೀನು ದುಬಾರಿ, ಮಳೆ ಬೇರೆ, ಮನೆ ಮನೆಯಲ್ಲೂ ಹಲಸಿನ ಹಪ್ಪಳ ಕರಿಯುವ ವಾಸನೆ. ಈ ಎರಡು ತಿಂಗಳಲ್ಲಿ ಸೊಂಟ ಬೆಳೆಯುತ್ತದೆ, ನಾನು ನೋಡಿಕೊಂಡು ಬಂದಿದ್ದೇನೆ. ಅದಕ್ಕೆ ಮೇ ತಿಂಗಳಲ್ಲೇ ಐದು ಕೆಜಿ ಹುರುಳಿ, ಮೂರು ಕೆಜಿ ಹೆಸರು ಬಿಸಿಲಿಗೆ ಒಣಗಿಸಿ ಡಬ್ಬ ತುಂಬಿಸಿಡುತ್ತೇನೆ. ಹುರುಳಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ ಸುಕ್ಕ ಮಾಡಿ, ಬೇಯಿಸಿದ ಕಟ್ಟನ್ನು ಚೆಲ್ಲದೆ ಸಾರು ಮಾಡಿ. ಮಳೆಗಾಲದ ಆಟಿ ತಿಂಗಳಲ್ಲಿ ಕೆಸುವಿನ ಎಲೆಯ ಪತ್ರೊಡೆ ಮಾಡುವವರು ಅಕ್ಕಿಯ ಜೊತೆ ಒಂದು ಪಾವು ಹೆಸರು ಸೇರಿಸಿ ರುಬ್ಬಿ ನೋಡಿ, ಹದವಾಗಿ ಬರುತ್ತದೆ, ಎರಡು ತುಂಡಿಗೇ ಹೊಟ್ಟೆ ತುಂಬುತ್ತದೆ. ಆಗಸ್ಟಿನಲ್ಲಿ ದೋಣಿ ಇಳಿದ ಮೇಲೆ ಬೂತಾಯಿ ಹೇಗೂ ಮತ್ತೆ ಬರುತ್ತದೆ.