ಒಂದು ವಾಲ್ವ್ ರಿಪೇರಿ ಆದರೆ ಇನ್ನೊಂದರ ಸೋರಿಕೆ ನಿಲ್ಲುತ್ತಾ?

ಹೊಳಲ್ಕೆರೆ ಕಡೆ ಬಾವಿಗೆ ಮೋಟರ್ ಇಟ್ಟವರಿಗೆ ವಾಲ್ವ್ ಅಂದರೇನು ಅಂತ ಹೇಳಿಕೊಡಬೇಕಿಲ್ಲ. ಫುಟ್ ವಾಲ್ವ್ ನೀರನ್ನು ಮೇಲಕ್ಕೆ ಬಿಡುತ್ತದೆ, ವಾಪಸ್ ಬಿಡುವುದಿಲ್ಲ. ಹೃದಯದಲ್ಲಿ ಇಂಥವು ನಾಲ್ಕಿವೆ, ನಾಲ್ಕೂ ಒಂದೇ ಲೈನಿನಲ್ಲಿ. ಎಡಗಡೆಯ ಎರಡು ಕೋಣೆಗಳ ನಡುವಿನ ಮೈಟ್ರಲ್ ವಾಲ್ವ್ ಕೆಟ್ಟರೆ ಒತ್ತಡ ಹಿಂದಕ್ಕೆ ಶ್ವಾಸಕೋಶಕ್ಕೆ, ಅಲ್ಲಿಂದ ಹೃದಯದ ಬಲಗಡೆ ಕೋಣೆಗೆ ಬೀಳುತ್ತದೆ. ಕೋಣೆ ಹಿಗ್ಗಿ, ಬಲಗಡೆಯ ಎರಡು ಕೋಣೆಗಳ ನಡುವಿನ ಟ್ರೈಕಸ್ಪಿಡ್ ವಾಲ್ವ್ ಕೂಡ ಸೋರುತ್ತದೆ. ಹಾಗಾದರೆ ಮೈಟ್ರಲ್ ಸರಿ ಮಾಡಿದರೆ ಇದೂ ತಾನಾಗೇ ಸರಿಹೋಗಬೇಕು, ಅಲ್ವಾ? ಕೆಲವರಲ್ಲಿ ಹೌದು, ಎಲ್ಲರಲ್ಲೂ ಅಲ್ಲ.

ಮೊದಲು ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್, ರಿಪೋರ್ಟ್ ತೆಗೆಯಿರಿ. ಎಂಆರ್ ಅಂದರೆ ಮೈಟ್ರಲ್ ಸೋರಿಕೆ, ಟಿಆರ್ ಅಂದರೆ ಟ್ರೈಕಸ್ಪಿಡ್ ಸೋರಿಕೆ. ಪಕ್ಕದಲ್ಲೇ ಮೈಲ್ಡ್, ಮಾಡರೇಟ್, ಸಿವಿಯರ್ ಅಂತ ಬರೆದಿರುತ್ತಾರೆ.

ಆಮೇಲೆ ಡಾಕ್ಟರ್ ಹತ್ತಿರ ಒಂದೇ ಪ್ರಶ್ನೆ: ಕೆಟ್ಟಿರುವುದು ಬಾಗಿಲೋ, ಚೌಕಟ್ಟೋ? ಬಾಗಿಲು ಅಂದರೆ ವಾಲ್ವಿನ ತೆಳು ಪದರಗಳು, ಚೌಕಟ್ಟು ಅಂದರೆ ಅವು ಅಂಟಿಕೊಂಡಿರುವ ಬಳೆ. ಬಾಗಿಲು ಚೆನ್ನಾಗಿದ್ದರೂ ಚೌಕಟ್ಟು ಅಗಲವಾದರೆ ಸಂದಿ ಬೀಳುತ್ತದೆ. ಹೃದಯದಿಂದ ಮೈಗೆ ರಕ್ತ ಹೋಗುವ ದಾರಿಯ ಅಯೋರ್ಟಿಕ್ ವಾಲ್ವ್ ಕಿರಿದಾಗಿ, ಆ ಒತ್ತಡಕ್ಕೆ ಮೈಟ್ರಲ್ ಸೋರುತ್ತಿದ್ದರೆ, ಅಯೋರ್ಟಿಕ್ ಬದಲಿಸಿದ ಮೇಲೆ ಎಷ್ಟೋ ಜನರಿಗೆ ಸೋರಿಕೆ ಇಳಿಯುತ್ತದೆ. ಆದರೆ ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರ ಬಾಗಿಲನ್ನೇ ದಪ್ಪ ಮಾಡಿ ಮುದುಡಿಸಿದ್ದರೆ ಅದು ತಾನಾಗಿ ಹೋಗುವುದಿಲ್ಲ. ಟ್ರೈಕಸ್ಪಿಡ್ ಸೋರಿಕೆ ಸಿವಿಯರ್ ಇದ್ದರೆ ಮೈಟ್ರಲ್ ಜೊತೆಗೇ ಅದನ್ನೂ ಸರಿ ಮಾಡುತ್ತಾರೆ. ಸೋರಿಕೆ ಅಷ್ಟಿಲ್ಲದಿದ್ದರೂ ಟ್ರೈಕಸ್ಪಿಡ್ ಚೌಕಟ್ಟಿನ ಅಗಲ 40 ಮಿಲಿಮೀಟರ್ ಮುಟ್ಟಿದ್ದರೆ ಅದನ್ನು ಬಿಗಿ ಮಾಡುವ ರಿಂಗ್ ಹೊಲಿಯುವ ಮಾತು ಬರುತ್ತದೆ. ರಿಂಗ್ ಹಾಕಿದವರಿಗೆ ಪೇಸ್‌ಮೇಕರ್ ಬೇಕಾಗುವ ಸಂಭವ ಜಾಸ್ತಿ, ಅದನ್ನೂ ಕೇಳಿಕೊಳ್ಳಿ. ಸುಮ್ನೆ ಬಿಟ್ಟು, ವರ್ಷಗಳಾದ ಮೇಲೆ ಎರಡನೇ ಸಲ ಎದೆ ತೆರೆಯುವುದು ಇನ್ನೂ ಕಷ್ಟ.

ಈ ಮಾತು ಆಪರೇಷನ್‌ಗೆ ಮುಂಚೆಯೇ ಮುಗಿಯಬೇಕು. ಅರಿವಳಿಕೆ ಕೊಟ್ಟಾಗ ಬಿಪಿ ಇಳಿದು ಸೋರಿಕೆ ಇರುವುದಕ್ಕಿಂತ ಸಣ್ಣದಾಗಿ ಕಾಣಬಹುದು. ನೀರಿನ ಮಾತ್ರೆ, ಅಂದರೆ ಮೂತ್ರ ಜಾಸ್ತಿ ಮಾಡಿ ಮೈಯ ನೀರು ಇಳಿಸುವ ಮಾತ್ರೆ, ನುಂಗಿದಾಗಲೂ ಅಷ್ಟೇ. ಹಾಗಾಗಿ ಎಕೋ ಮಾಡುವವರಿಗೆ ಯಾವ ಮಾತ್ರೆ ನಡೆಯುತ್ತಿದೆ ಅಂತ ಹೇಳಿ.

ಮನೆಗೆ ಬಂದ ಮೇಲೆ ದಿನಾ ಬೆಳಿಗ್ಗೆ ತೂಕ ನೋಡಿ, ಬರೆದಿಡಿ. ಎರಡು ಮೂರು ದಿನದಲ್ಲಿ ಎರಡು ಕೆಜಿ ಏರಿದರೆ, ಕಾಲು ಊದಿದರೆ, ಹೊಟ್ಟೆ ಉಬ್ಬಿದರೆ ಫೋನ್ ಮಾಡಿ. ಉಪ್ಪು ಕಡಿಮೆ ಮಾಡಿ. ದಾವಣಗೆರೆಯವರಿಗೆ ಮಂಡಕ್ಕಿ, ಮಿರ್ಚಿ ಬಿಡಿ ಅನ್ನುವುದು ಕ್ರೂರ, ಗೊತ್ತು. ಆಪರೇಷನ್ ಆದ ಒಂದು ತಿಂಗಳ ಆಸುಪಾಸಿನಲ್ಲಿ ಮತ್ತೆ ಎಕೋ ಇರುತ್ತದೆ. ಬೆಂಗಳೂರಿಗೆ ಬಸ್ ಹತ್ತುವಾಗ ಹಳೆಯ ರಿಪೋರ್ಟ್ ಮರೆಯಬೇಡಿ. ಟಿಆರ್ ಇಳಿದಿದೆಯಾ ಅಂತ ಅದರ ಪಕ್ಕ ಇಟ್ಟೇ ನೋಡಬೇಕು.